ಸಹಾಯ ಬೇಕು: ಕ್ಯಾಟ್ ಡಿಐಎಲ್‌ಆರ್‌ನಾಗ ಸೆಟ್ ಯಾವಾಗ ಬಿಡಬೇಕ್ರಿ?

ನಮಸ್ಕಾರ್ರಿ. ರಾಯಚೂರಿನಾಗ ಕ್ಯಾಟ್ (ಐಐಎಂನಾಗ ಎಂಬಿಎ ಸೇರೋ ಪ್ರವೇಶ ಪರೀಕ್ಷೆ) ಓದೋರು ಕಮ್ಮಿ, ಪಿಡಿಒ, ಪಿಎಸ್‌ಐ ಓದೋರೇ ಜಾಸ್ತಿ. ಅದಕ್ಕ ಇಲ್ಲಿ ಕೇಳ್ತಿದೀನಿ.

ಕ್ವಾಂಟ್, ಅಂದ್ರ ಗಣಿತ, ನಡೀತದ. ತೊಡಕು ಡೇಟಾ-ತರ್ಕದ ವಿಭಾಗ ಆದ ಡಿಐಎಲ್‌ಆರ್‌ದು. 2024ರ ಪೇಪರ್‌ನಾಗ 5 ಸೆಟ್ (ಒಂದೇ ಮಾಹಿತಿ ಮ್ಯಾಲೆ ಕೇಳೋ ಪ್ರಶ್ನೆಗಳ ಗುಂಪು), 22 ಪ್ರಶ್ನೆ, 40 ನಿಮಿಷ. ಮೊದಲು ಎಲ್ಲಾ ಸೆಟ್ ಮೇಲೆ ಕಣ್ಣಾಡಿಸಿ, ಟೇಬಲ್ ತುಂಬೋವಂಥದ್ದು ಹಿಡೀತೀನಿ. ಟೂರ್ನಮೆಂಟ್ ಸೆಟ್ ಅಂದ್ರ ನಾಲ್ಕು ಖಾನೆ ಸರಾಗ ತುಂಬ್ತಾವ, ಐದನೇದಕ್ಕ ಎರಡು ಕೇಸ್ (ಸಾಧ್ಯತೆ) ಒಡೀತಾವ. ಎರಡೂ ಬಿಡಿಸೋದ್ರಾಗ 15 ನಿಮಿಷ ಖಲಾಸ್! ಊಹಿಸಿ ಆಪ್ಷನ್ ಒತ್ತಿ ತಪ್ಪಾದ್ರ ಒಂದು ಮಾರ್ಕ್ ಕಟ್. ಟೈಪ್ ಮಾಡೋ ಉತ್ತರಕ್ಕ ನೆಗೆಟಿವ್ ಇಲ್ಲ ಖರೆ, ಆದ್ರ ಅಲ್ಲಿ ಅಂದಾಜು ಹತ್ತಂಗಿಲ್ಲ. ಅದೇ ಸೆಟ್ ಟೈಮರ್ ಇಲ್ದ ಕೂತ್ರ ಪೂರಾ ಬರ್ತದ.

ಕೇಸ್ ಒಡೆದ ಮ್ಯಾಲೆ ಎಷ್ಟನೇ ನಿಮಿಷಕ್ಕ ಸೆಟ್ ಕೈಬಿಡಬೇಕು? ಇಲ್ಲಾ, ಎರಡೂ ಕೇಸ್‌ನಾಗ ಉತ್ತರ ಒಂದೇ ಬರೋ ಪ್ರಶ್ನೆ ಅಷ್ಟೇ ಬಿಡಿಸಿ ಮುಂದ ಹೋಗೋದು ಪಾಡೇನ್ರಿ?