ಐದು ತಿಂಗಳು ಬಸುರಿ, ದಿನವಿಡೀ ನಿಂತು ಮಾಡುವ ಕೆಲಸ. ಬಿಡ್ಲಾ, ಮುಂದುವರಿಸ್ಲಾ? ಅನುಭವ ಇದ್ದವರು ಹೇಳಿ

ಕುಂಬಳೆ ಸೊಸೆ:
ನಂಗೆ ಈಗ ಐದು ತಿಂಗಳು, ಮೊದಲ್ನೇದು. ಕಾಸರಗೋಡು ಪೇಟೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಸೇಲ್ಸಿಗಿದ್ದೇನೆ, ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಏಳೂವರೆ, ಊಟದ ಅರ್ಧ ಗಂಟೆ ಬಿಟ್ರೆ ನಿಂತೇ ಇರುದು. ಅತ್ತೆ ಹೇಳ್ತಾರೆ ಕೆಲಸ ಬಿಡು, ಮಗು ತೂಕ ಇಲ್ಲದೆ ಹುಟ್ತದೆ ಅಂತ. ಬಿಟ್ರೆ ಇವರ ಸಂಬಳದಲ್ಲಿ ಲೋನ್ ಕಟ್ಟಿ ಉಳಿಯುದು ಎಂತದೂ ಇಲ್ಲ. ಕೆಲಸ ಮಾಡಿದ್ರೆ ಮಗುವಿಗೆ ನಿಜವಾಗಿ ತೊಂದರೆ ಉಂಟಾ? ನೀವೆಲ್ಲ ಎಂತ ಮಾಡಿದ್ರಿ?

ಸೀರೆ ಸೆಕ್ಷನ್:
ನಾನೂ ಬಟ್ಟೆ ಅಂಗಡಿಯವಳೇ, ಎರಡು ಮಕ್ಕಳು. ಮೊದಲ್ನೇದಕ್ಕೆ ಎಂಟು ತಿಂಗಳವರೆಗೆ ಹೋದೆ. ನಮ್ಮಲ್ಲಿ ಚಪ್ಪಲಿ ಹೊರಗೆ ಬಿಡ್ಬೇಕು, ಬರಿಗಾಲಲ್ಲಿ ಟೈಲ್ಸ್ ಮೇಲೆ ನಿಂತು ನಿಂತು ಸಂಜೆ ಆಗುವಾಗ ಕಾಲು ಬಾತು ಕಾಲುಂಗುರ ಬೆರಳಿಗೇ ಕಚ್ಚಿಕೊಳ್ತಿತ್ತು, ಒಂದಿನ ಮನೆಗೆ ಬಂದು ಸೋಪು ಹಚ್ಚಿ ಹೇಗೋ ತೆಗ್ದೆ, ಮತ್ತೆ ಹೆರಿಗೆ ಆಗುವವರೆಗೆ ಹಾಕ್ಲೇ ಇಲ್ಲ, ಅತ್ತೆಯ ಹತ್ರ ಅದಕ್ಕೂ ಬೈಸಿಕೊಂಡೆ. ಏಣಿ ಹತ್ತಿ ಮೇಲಿನ ರ್‍ಯಾಕಿಂದ ಸೀರೆ ತೆಗೆಯುದು ಮಾತ್ರ ಗೊತ್ತಾದ ದಿನವೇ ನಿಲ್ಸಿದೆ, ಜೊತೆಯ ಹುಡುಗಿ ತೆಗ್ದು ಕೊಡ್ತಿದ್ಲು, ಅವಳ ಬಿಲ್ ಬರೆಯುದು ನಾನು. ಮಗು 2 ಕಿಲೋ 700, ಎಂತದೂ ಆಗ್ಲಿಲ್ಲ. ಎರಡನೇದಕ್ಕೆ ಸ್ಟೂಲ್ ಸಿಕ್ಕಿತ್ತು, ಗಿರಾಕಿ ಇಲ್ಲದಾಗ ಕೂತ್ಕೊಳ್ಳುದು. ಎರಡಕ್ಕೂ ಅಜಗಜಾಂತರ ಮಾರಾಯ್ತಿ! ಅದೇ ಕೆಲಸ, ಅದೇ ಸಂಬಳ, ಆದ್ರೆ ರಾತ್ರಿ ಮಲಗಿದ್ರೆ ಕಾಲು ಸೆಳೆತ ಇಲ್ಲ.

ಮಂಜೇಶ್ವರ ನರ್ಸ್:
ಅತ್ತೆ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಇದರ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ತುಂಬ ಅಧ್ಯಯನ ಆಗಿದೆ. ಆರೋಗ್ಯ ಸರಿ ಇರುವ ಬಸುರಿ ಕೆಲಸಕ್ಕೆ ಹೋದ್ಲು ಅಂದಮಾತ್ರಕ್ಕೆ ಮಗುವಿಗೆ ತೊಂದರೆ ಅಂತ ಇಲ್ಲ. ಲೆಕ್ಕಕ್ಕೆ ಬರುವುದು ಎಂಥ ಕೆಲಸ ಅಂತ. ಗಂಟೆಗಟ್ಟಲೆ ನಿಲ್ಲುವುದು, ಭಾರ ಎತ್ತುವುದು, ನೈಟ್ ಶಿಫ್ಟ್, ವಾರಕ್ಕೆ 40 ಗಂಟೆಗಿಂತ ಜಾಸ್ತಿ ದುಡಿಮೆ, ಇವು ಇದ್ದಲ್ಲಿ ಅವಧಿಗೆ ಮೊದಲು ಹೆರಿಗೆ, ಕಡಿಮೆ ತೂಕ, ಗರ್ಭಪಾತ ಸ್ವಲ್ಪ ಜಾಸ್ತಿ ಕಾಣುತ್ತದೆ. ಸ್ವಲ್ಪ ಅಂದೆ, ಹೆದರಬೇಡಿ. 37 ವಾರ ತುಂಬುವ ಮೊದಲು ಹುಟ್ಟಿದ್ರೆ ಪ್ರೀಟರ್ಮ್, 2500 ಗ್ರಾಂಗಿಂತ ಕೆಳಗೆ ಇದ್ರೆ ಕಡಿಮೆ ತೂಕ ಅಂತ ಲೆಕ್ಕ. ಮತ್ತೊಂದು ವಿಷಯ, ಕಷ್ಟದ ಕೆಲಸ ಮಾಡುವವರಲ್ಲಿ ರಕ್ತಹೀನತೆ, ಸರಿಯಾಗಿ ಊಟ ಇಲ್ಲದ್ದು ಎಲ್ಲ ಒಟ್ಟಿಗೇ ಇರುತ್ತದೆ, ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳುವುದು ಸುಲಭ ಅಲ್ಲ. ಹಾಗಾಗಿ ಮೊದಲು ನಿಮ್ಮ ಎಚ್‌ಬಿ, ಅಂದ್ರೆ ರಕ್ತದ ಹಿಮೋಗ್ಲೋಬಿನ್, ಎಷ್ಟು ನೋಡಿ, 11ಕ್ಕಿಂತ ಕೆಳಗಿದ್ರೆ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ಚಾ ಜೊತೆ ತಗೊಳ್ಳಬೇಡಿ. ನಾನು ನೈಟ್ ಡ್ಯೂಟಿ ಬರೆದು ಕೊಟ್ಟು ತೆಗೆಸಿಕೊಂಡೆ, ಮೇಲಿನವರು ಮುಖ ಗಂಟು ಹಾಕಿಕೊಂಡ್ರು, ಹಾಕಿಕೊಳ್ಳಲಿ.
ತಲೆನೋವು ಬಿಡದಿದ್ರೆ, ಕಣ್ಣು ಮಂಜಾದ್ರೆ, ಮುಖ ಕೈ ಬಾತ್ರೆ, ರಕ್ತ ಅಥವಾ ನೀರು ಹೋದ್ರೆ, ಮಗು ಆಡುವುದು ಕಡಿಮೆ ಆದ್ರೆ ಅಂಗಡಿಯಿಂದಲೇ ಸೀದಾ ಆಸ್ಪತ್ರೆಗೆ. ಸಂಜೆವರೆಗೆ ಕಾಯುವುದು ಬೇಡ.

ಪೆರ್ಲ ಅಮ್ಮ:
ನಾನು ನಾಲ್ಕನೇ ತಿಂಗಳಲ್ಲೇ ಕೆಲಸ ಬಿಟ್ಟವಳು. ಆದ್ರೂ 35 ವಾರಕ್ಕೇ ಹೆರಿಗೆ ಆಯ್ತು, ಮಗು 2 ಕಿಲೋ 100, ಹತ್ತು ದಿನ ಎದೆಗೆ ಕಟ್ಟಿಕೊಂಡೇ ಇದ್ದೆ. ಮನೆಯಲ್ಲಿ ಕೂತವಳು ಹೇಳಿ ಹೆಸರು, ಕೂತದ್ದೆಲ್ಲಿ? ಬಾವಿಯಿಂದ ನೀರು, ದನದ ಹುಲ್ಲು, ಒಂಬತ್ತು ಜನಕ್ಕೆ ಅಡಿಗೆ. ಕೆಲಸ ಬಿಟ್ಟು ಮನೆಗೆ ಬಂದ್ರೆ ರೆಸ್ಟ್ ಸಿಗ್ತದಾ ಅಂತ ಮೊದಲು ಲೆಕ್ಕ ಹಾಕಿ, ಮತ್ತೆ ತೀರ್ಮಾನ ಮಾಡಿ.

ಬೀಡಿ ಮಗಳು:
ಪೆರ್ಲದವರು ಹೇಳಿದ್ದು ನೂರಕ್ಕೆ ನೂರು. ಅಮ್ಮ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೀಡಿ ಕಟ್ಟಿದವರು, ಹೆರಿಗೆಯ ಹಿಂದಿನ ದಿನವೂ ಕಟ್ಟಿದ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬಂದಿದ್ರಂತೆ. ಕೂತು ಮಾಡುವ ಕೆಲಸ, ಎಂತ ತೊಂದರೆ ಅಂತ ಎಲ್ಲ ಹೇಳ್ತಿದ್ರು, ಆದ್ರೆ ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಹೊಗೆಸೊಪ್ಪಿನ ಹುಡಿ, ಇಡೀ ದಿನ ಉಸಿರಾಡುದು ಅದನ್ನೇ. ಕೂತಿದ್ರೆ ಸಾಕು ಅಂತಲೂ ಅಲ್ಲ ನೋಡಿ.

ಲೆಕ್ಕ ಬರೆಯುವವ, ಕಾಸರಗೋಡು:
ಗಂಡಸು ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರು ಮಾಡ್ಬೇಡಿ, ನಾನು ಅಂಗಡಿಗಳ ಲೆಕ್ಕ ಬರೆಯುವವ. ರಾಜೀನಾಮೆ ಮಾತ್ರ ಕೊಡ್ಬೇಡಿ ತಂಗಿ! ಹತ್ತು ಅಥವಾ ಹೆಚ್ಚು ಜನ ಇರುವ ಅಂಗಡಿಯಾದ್ರೆ ಹೆರಿಗೆ ರಜೆಯ ಕಾನೂನು ಉಂಟು, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಮೇತ ರಜೆ, ಅದರಲ್ಲಿ 8 ವಾರ ಹೆರಿಗೆಗೆ ಮೊದಲೇ ತೆಗೆಯಬಹುದು. ಸಂಬಳದಿಂದ ಇಎಸ್‌ಐ, ಅಂದ್ರೆ ನೌಕರರ ಸರ್ಕಾರಿ ವಿಮೆ, ಕಟ್ ಆಗ್ತಿದ್ರೆ ದುಡ್ಡು ಬರುದು ಅಲ್ಲಿಂದ, ಸ್ಲಿಪ್ ನೋಡಿ. ಇನ್ನೊಂದು ತುಂಬ ಜನಕ್ಕೆ ಗೊತ್ತಿಲ್ಲ, ಹೆರಿಗೆಯ ಡೇಟಿಗೆ ಹತ್ತು ವಾರದ ಹತ್ರ ಬಂದ ಮೇಲೆ ನೀವು ಕೇಳಿಕೊಂಡ್ರೆ ತುಂಬ ಹೊತ್ತು ನಿಲ್ಲಿಸುವ ಕೆಲಸ ಕೊಡುವ ಹಾಗಿಲ್ಲ, ಅದು ಆ ಕಾನೂನಲ್ಲೇ ಉಂಟು. ಮತ್ತೆ ಸ್ಟೂಲ್ ಅಂದ್ರಲ್ಲ, ಅದು ಧಣಿಯ ದಯೆ ಅಲ್ಲ. ಕಲ್ಲಿಕೋಟೆಯ ಅಂಗಡಿ ಹೆಂಗಸರು ಕೂರುವ ಹಕ್ಕಿಗೆ ಹೋರಾಡಿ, 2018ರಲ್ಲಿ ಕೇರಳದ ಅಂಗಡಿ ಕಾನೂನಿಗೇ ಅದು ಸೇರಿತು. ಬಾಯಲ್ಲಿ ಕೇಳ್ಬೇಡಿ, ಬರೆದು ಕೊಡಿ, ಒಂದು ಕಾಪಿ ನಿಮ್ಮ ಹತ್ರ ಇರ್ಲಿ.

ಕುಂಬಳೆ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಎಚ್‌ಬಿ 10.2 ಉಂಟು, ಮಾತ್ರೆ ಚಾ ಜೊತೆಯೇ ನುಂಗ್ತಿದ್ದೆ, ಇವತ್ತಿಂದ ಬಂದ್. ಅರ್ಜಿ ಕನ್ನಡದಲ್ಲಿ ಬರೆದೆ, ಮ್ಯಾನೇಜರಿಗೆ ಓದ್ಲಿಕ್ಕೆ ಬರುದಿಲ್ಲ, ಪಕ್ಕದ ಕೌಂಟರಿನವಳು ಮಲಯಾಳದಲ್ಲಿ ಬರೆದು ಕೊಟ್ಟಳು. ನಾಳೆ ಕೊಡ್ತೇನೆ. ಅತ್ತೆಗೆ ಇದೆಲ್ಲ ಓದಿ ಹೇಳಿದೆ, ಪೆರ್ಲದವರು ಬರೆದದ್ದು ಬಂದಾಗ ಎಂತದೂ ಹೇಳದೆ ಎದ್ದು ಹೋಗಿ ನೀರಿನ ಕೊಡ ಅವರೇ ಎತ್ತಿಟ್ರು.