ಐನೂರರ ನೋಟು ಖೋಟಾ ಅನ್ನಿಸಿದರೆ ಏನು ಮಾಡಬೇಕು?

ಪ್ರಶ್ನೆ (ಎಳನೀರು ವ್ಯಾಪಾರಿ, ಮದ್ದೂರು): ಲೋಡಿನ ದುಡ್ಡಲ್ಲಿ ಬಂದ ಒಂದು ಐನೂರರ ನೋಟಿನ ಮೇಲೆ ಅನುಮಾನ. ಹಸಿರು ದಾರ ಇದೆ, ಆದರೆ ಕಾಗದ ನುಣ್ಣಗಿದೆ. ಬ್ಯಾಂಕಿಗೆ ಕೊಟ್ಟರೆ ಕೇಸ್ ಆಗುತ್ತೆ, ಸಂತೆ ರಶ್ಶಲ್ಲಿ ತಳ್ಳಿಬಿಡು ಅಂತಾರೆ ಜೊತೆಯವರು. ಏನು ಮಾಡಲಿ?

ಉತ್ತರ (ಬ್ಯಾಂಕ್ ಕ್ಯಾಷಿಯರ್, ಮಂಡ್ಯ): ದಯವಿಟ್ಟು ತಳ್ಳಬೇಡಿ. ಗೊತ್ತಿಲ್ಲದೆ ಕೈಗೆ ಬಂದದ್ದು ತಪ್ಪಲ್ಲ. ಖೋಟಾ ಅಂತ ಗೊತ್ತಿದ್ದೂ ಚಲಾಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಂ ಪ್ರಕಾರ 10 ವರ್ಷ, ಜೀವಾವಧಿಯವರೆಗೂ ಶಿಕ್ಷೆ ಇದೆ. ಅದಿರಲಿ, ಸಂತೆಯಲ್ಲಿ ಆ ನೋಟು ಹೋಗಿ ಸೇರುವುದು ಸೊಪ್ಪು ಮಾರುವ ಅಜ್ಜಿಯ ಕೈಗೆ. ಅವರ ಇಡೀ ದಿನದ ದುಡಿಮೆ ಹೋಗುತ್ತದೆ.

ಮೊದಲು ನೋಟು ಖೋಟಾ ಹೌದೋ ಅಲ್ಲವೋ ನೋಡಿ. ಕಣ್ಣಿಗಿಂತ ಹೆಬ್ಬೆರಳು ಚುರುಕು. ನೋಟಿನ ಕಾಗದ ಹತ್ತಿಯದು, ಅದಕ್ಕೇ ಗರಿಗರಿ. ಎಡ ಬಲ ಎರಡೂ ಅಂಚಲ್ಲಿ ಐದೈದು ಓರೆ ಗೆರೆಗಳಿವೆ, ಉಗುರಿಂದ ಸವರಿದರೆ ತಡೆಯಬೇಕು. ಗಾಂಧೀಜಿ ಚಿತ್ರವೂ ಉಬ್ಬು ಮುದ್ರಣವೇ. ಹಳೇ ನೋಟಲ್ಲಿ ಇದು ಸವೆದಿರಬಹುದು, ಹಾಗಾಗಿ ಇಷ್ಟಕ್ಕೇ ತೀರ್ಮಾನಿಸಬೇಡಿ.

ಹಸಿರು ದಾರ ಇದ್ದರೆ ಸಾಲದು. ನೋಟನ್ನು ವಾಲಿಸಿದಾಗ ಆ ಹಸಿರು ನೀಲಿಗೆ ತಿರುಗಬೇಕು. ಬಲಗಡೆ ಕೆಳಗಿನ ₹500 ಅಂಕಿಯೂ ಹಾಗೇ. ಕಲರ್ ಜೆರಾಕ್ಸಿನಲ್ಲಿ ಎಷ್ಟು ವಾಲಿಸಿದರೂ ಒಂದೇ ಬಣ್ಣ. ಆಮೇಲೆ ಬೆಳಕಿಗೆ ಹಿಡಿಯಿರಿ: ಖಾಲಿ ಜಾಗದಲ್ಲಿ ಗಾಂಧೀಜಿ ಮುಖ, ಪಕ್ಕದಲ್ಲಿ 500 ಮೂಡಬೇಕು. ಬೆಳಕಿಗೆ ಹಿಡಿಯದೆಯೇ ಆ ಮುಖ ಢಾಳಾಗಿ ಕಂಡರೆ ಮೇಲೆ ಇಂಕು ಬಳಿದಿದ್ದಾರೆ ಅಂತಲೇ ಅರ್ಥ.

ಪ್ರಶ್ನೆ (ದಿನಸಿ ಅಂಗಡಿ, ಮೈಸೂರು): ನಂಬರಿನ ಮಧ್ಯೆ ನಕ್ಷತ್ರ ಇದ್ದರೆ ಖೋಟಾನಾ ಸಾರ್? ನೀಲಿ ಲೈಟಿನ ಮಿಷನ್ ತಗೊಳ್ಳೋಣವಾ?

ಉತ್ತರ: ನಕ್ಷತ್ರದ ನೋಟು ಅಸಲಿ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಹಾಕುವ ನೋಟು ಅದು. ನೋಟು ಅಚ್ಚಾಗುವ ಮೈಸೂರಲ್ಲೇ ಈ ಸುಳ್ಳು ಸುದ್ದಿ ಓಡಾಡಬಾರದು! ನೀಲಿ ಲೈಟು ಉಪಯೋಗಕ್ಕೆ ಬರುತ್ತದೆ, ಮಾಮೂಲಿ ಕಾಗದ ಅದರಡಿ ಬೆಳ್ಳಗೆ ಹೊಳೆಯುತ್ತದೆ. ಆದರೆ ಜೇಬಲ್ಲೇ ಉಳಿದು ಸೋಪಿನ ಪುಡಿಯಲ್ಲಿ ಒಗೆದ ಅಸಲಿ ನೋಟೂ ಹೊಳೆಯಬಹುದು.

ಪ್ರಶ್ನೆ (ಮದ್ದೂರು): ನೋಡಿದೆ ಸಾರ್, ಬಣ್ಣ ತಿರುಗಲಿಲ್ಲ. ಬ್ಯಾಂಕಲ್ಲಿ ದುಡ್ಡು ವಾಪಸ್ ಸಿಗುತ್ತಾ?

ಉತ್ತರ: ಸಿಗಲ್ಲ, ಆ ಐನೂರು ಹೋದ ಹಾಗೇ. ಕೌಂಟರಿನಲ್ಲಿ ಖೋಟಾ ಅಂತ ಸೀಲು ಹೊಡೆದು ಇಟ್ಟುಕೊಳ್ಳುತ್ತಾರೆ, ವಾಪಸ್ ಕೊಡುವ ಹಾಗಿಲ್ಲ. ರಸೀದಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಕೇಸಿನ ಭಯ ಬೇಡ: ಒಂದು ಸಲಕ್ಕೆ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಒಟ್ಟಾಗಿ ಪೊಲೀಸರಿಗೆ ವರದಿ ಹೋಗುತ್ತದೆ. ಐದು ಅಥವಾ ಹೆಚ್ಚಿದ್ದರೆ ಮಾತ್ರ ಕೂಡಲೇ ಎಫ್‌ಐಆರ್. ನೋಟು ಕೊಟ್ಟವರು ಯಾರು, ಯಾವತ್ತು ಅಂತ ಈಗಲೇ ಬರೆದಿಡಿ. ನಾಳೆ ಯಾರಾದರೂ ವಿಚಾರಿಸಿದರೆ ಅದು ಬೇಕಾಗುತ್ತದೆ.