ಡಿಬಿ2 ಬಫರ್‌ಪೂಲ್ ಪೇಜ್‌ಫಿಕ್ಸ್: 32 ಜಿಬಿ ಎಲ್‌ಪಾರ್‌ನಾಗ ಎಷ್ಟು ಮೆಮೊರಿ ಕಟ್ಟಿಹಾಕಬಹುದು?

ಬೆಳಗಾವಿ ಡಿಬಿಎ

ಎಲ್ಲಾರಿಗೂ ನಮಸ್ಕಾರ್ರಿ. ಐಬಿಎಂ ಮೇನ್‌ಫ್ರೇಮ್ ಮಷಿನ್ ಯುರೋಪಿನಾಗ ಐತಿ, ನೋಡಿಕೊಳ್ಳೋದು ಬೆಳಗಾವಿಯಿಂದ. ಒಂದ ಎಲ್‌ಪಾರ್ (ಮಷಿನ್ನಿನ ಒಂದು ಪಾಲು), 32 ಜಿಬಿ ರಿಯಲ್ ಸ್ಟೋರೇಜ್ (ಖರೇ ಮೆಮೊರಿ), ಆಪರೇಟಿಂಗ್ ಸಿಸ್ಟಮ್ ಝಡ್/ಓಎಸ್ 2.5, ಡೇಟಾಬೇಸ್ ಡಿಬಿ2 12. ಅದರಾಗ ಆನ್‌ಲೈನ್ ಟ್ರಾನ್ಸಾಕ್ಷನ್ ಓಡಿಸೋ ಸಿಐಸಿಎಸ್ ರೀಜನ್ 6, ಜೊತಿಗೆ ಒಂದು ಹಳೇ ಐಎಂಎಸ್ (ಇನ್ನೊಂದು ಡೇಟಾಬೇಸ್ ಸಿಸ್ಟಮ್).

ಡಿಬಿ2 ಡಿಸ್ಕಿನ ಪೇಜುಗಳನ್ನ ಮೆಮೊರಿಯಾಗ ಇಟ್ಟುಕೊಳ್ಳೋ 4ಕೆ ಬಫರ್‌ಪೂಲ್‌ಗಳು ಹಿಂಗ ಅದಾವ: ಬಿಪಿ0 20,000 ಬಫರ್, ಟೇಬಲ್‌ಗಳ ಬಿಪಿ1 6,00,000, ಇಂಡೆಕ್ಸ್‌ಗಳ ಬಿಪಿ2 4,00,000, ವರ್ಕ್‌ಫೈಲ್‌ನ ಬಿಪಿ7 1,00,000. ಡಿಸ್‌ಪ್ಲೇ ಬಫರ್‌ಪೂಲ್ ಡಿಟೇಲ್ ಇಂಟರ್ವಲ್ ಕೊಟ್ಟು ಬ್ಯಾಚ್ ಹೊತ್ತಿನ ಒಂದು ತಾಸಿನ ಅಂಕಿ ತಗೊಂಡೀನಿ. ಓದಿದ್ದು, ಬರೆದದ್ದು ಎರಡೂ ಕೂಡಿ ಬಿಪಿ1ರಾಗ 63 ಲಕ್ಷ ಪೇಜು, ಬಿಪಿ2ರಾಗ 9 ಲಕ್ಷ, ಬಿಪಿ7ರಾಗ 30 ಲಕ್ಷ, ಬಿಪಿ0ದಾಗ ಬರೇ 2,000. ಬಿಪಿ2ರ ಗೆಟ್‌ಪೇಜ್ (ಪೂಲಿಗೆ ಪೇಜು ಕೇಳಿದ ಸಲ) ಮಾತ್ರ 9 ಕೋಟಿ.

ಬಿಪಿ1ಕ್ಕ ಆಲ್ಟರ್ ಬಫರ್‌ಪೂಲ್ ಕೊಟ್ಟು ಪಿಜಿಫಿಕ್ಸ್ ಯೆಸ್ (ಬಫರ್‌ಗಳನ್ನ ಮೆಮೊರಿಯಾಗ ಕಟ್ಟಿಹಾಕೋದು), ಫ್ರೇಮ್‌ಸೈಜ್ 1ಎಂ (4 ಕೆಬಿ ಬದಲು 1 ಎಂಬಿಯ ಮೆಮೊರಿ ತುಂಡು) ಹಾಕಿದ್ರ, ಡಿಸ್‌ಪ್ಲೇದಾಗ ‘ಕರೆಂಟ್ ನೋ, ಪೆಂಡಿಂಗ್ ಯೆಸ್’ ಅಂತ ಬರಾಕತ್ತೈತಿ. ಯಾಕ? ಎಲ್ಲಾ ಪೂಲಿಗೂ ಫಿಕ್ಸ್ ಹಾಕಬಹುದೇನ್ರಿ? ದೊಡ್ಡ ಫ್ರೇಮ್ ಎಷ್ಟು ಅಂತ ಹೇಳೋ ಎಲ್‌ಎಫ್‌ಏರಿಯಾದಾಗ 1ಎಂ=2048 ಐತಿ, ಅಷ್ಟು ಸಾಕಾಗತೈತೇನು?

---

ನವನಗರ ಸಿಸ್ಪ್ರಾಗ್, ಬಾಗಲಕೋಟೆ

ಪೆಂಡಿಂಗ್ ಬಂದದ್ದು ತಪ್ಪಲ್ರಿ. ವಿಪಿಸೈಜ್ (ಪೂಲಿನ ಬಫರ್ ಸಂಖ್ಯೆ) ಬದಲಿಸಿದ್ರ ಆ ಕ್ಷಣನ ಜಾರಿ ಆಗತೈತಿ. ಪಿಜಿಫಿಕ್ಸ್ ಮತ್ತ ಫ್ರೇಮ್‌ಸೈಜ್ ಹಂಗಲ್ಲ, ಪೂಲು ಹೊಸದಾಗಿ ಅಲೊಕೇಟ್ ಆಗೋತನಕ ಕಾಯ್ತಾವ. ಅದಕ್ಕ ದಾರಿ ಎರಡು. ವಿಪಿಸೈಜ್ 0 ಮಾಡಿ ಮತ್ತ ಮೊದಲಿನ ಅಳತಿಗೆ ತರೋದು ಒಂದು, ಡಿಬಿ2 ನಿಲ್ಲಿಸಿ ಚಾಲೂ ಮಾಡೋದು ಇನ್ನೊಂದು. ಮೊದಲನೇದು ಪುಸ್ತಕದಾಗ ಓದಾಕ ಚೊಲೋ, ಆದ್ರ ಆನ್‌ಲೈನ್ ಹೊತ್ತಿನ್ಯಾಗ ಮಾಡಬ್ಯಾಡ್ರಿ. ಪೂಲು ಸೊನ್ನೆ ಇದ್ದಾಗ ಆ ಟೇಬಲ್ ಮುಟ್ಟಿದ ಟ್ರಾನ್ಸಾಕ್ಷನ್‌ಗೆ ರಿಸೋರ್ಸ್ ಅನ್‌ಅವೇಲೇಬಲ್ ಬರತೈತಿ. ಬಿಪಿ0ನಂತೂ ಸೊನ್ನೆ ಮಾಡಾಕ ಬರೂದಿಲ್ಲ, ಕ್ಯಾಟಲಾಗ್ ಅದರಾಗ ಐತಿ. ಹೆಂಗೂ ಡಿಬಿ2 ನಿಲ್ಲಿಸೋ ಮೆಂಟೆನೆನ್ಸ್ ಹೊತ್ತು ಇರತೈತಿ, ಅದರಾಗ ಸೇರಿಸ್ರಿ.

ಆಲ್ಟರ್ ಮಾಡಿದ್ದು ಡಿಬಿ2ರ ಬಿಎಸ್‌ಡಿಎಸ್ ಫೈಲಿನಾಗ ಉಳಿಯೋದರಿಂದ ರೀಸ್ಟಾರ್ಟ್ ಆದಮ್ಯಾಲ ಮತ್ತ ಕಮಾಂಡ್ ಕೊಡೋದು ಬ್ಯಾಡ. ಡೇಟಾ ಶೇರಿಂಗ್ (ಹಲವು ಡಿಬಿ2 ಒಂದ ಡೇಟಾ ಹಂಚಿಕೊಳ್ಳೋದು) ಇದ್ರ ಪ್ರತಿ ಮೆಂಬರ್‌ಗೂ ಬ್ಯಾರೆ ಬ್ಯಾರೆ ಕೊಡಬೇಕು. ಒಂದು ಮೆಂಬರ್ ಬಿಟ್ಟುಹೋದ್ರ ಅದೊಂದ ಮೆಂಬರ್‌ನ ಸಿಪಿಯು ಯಾಕ ಜಾಸ್ತಿ ಅಂತ ಆಮ್ಯಾಲ ಹುಡುಕಬೇಕಾಗತೈತಿ.

ರೀಸ್ಟಾರ್ಟ್ ಆದ ಕೂಡಲೇ ಡಿಸ್‌ಪ್ಲೇ ಕೊಟ್ಟು ಗಾಬರಿ ಆಗಬ್ಯಾಡ್ರಿ. ಪೂಲು ಅಲೊಕೇಟ್ ಆಗೋದು ಅದರೊಳಗಿನ ಮೊದಲನೇ ಟೇಬಲ್‌ಸ್ಪೇಸ್ ಇಲ್ಲಾ ಇಂಡೆಕ್ಸ್ ಓಪನ್ ಆದಾಗ.

---

ಗೋಕಾಕ ಪರ್ಫಾರ್ಮೆನ್ಸ್

ಎಲ್ಲಾ ಪೂಲಿಗೂ ಹಾಕಬಹುದೇನು ಅನ್ನೋ ಪ್ರಶ್ನೆಗೆ ಬರ್ತೀನಿ. ಫಿಕ್ಸ್ ಇಲ್ಲದ ಪೂಲಿನಾಗ ಆಗೋದಿಷ್ಟು: ಚಾನೆಲ್‌ಗೆ ರಿಯಲ್ ವಿಳಾಸ ಬೇಕು, ಐ/ಓ ನಡೆದಾಗ ಆ ಪೇಜು ಜಾಗ ಬಿಟ್ಟು ಸರಿಯಬಾರದು. ಅದಕ್ಕ ಡಿಬಿ2 ಪ್ರತಿ ಐ/ಓಗೂ ಮೊದಲು ಪೇಜ್ ಫಿಕ್ಸ್ ಮಾಡತೈತಿ, ಮುಗಿದಮ್ಯಾಲ ಬಿಡತೈತಿ. ಪಿಜಿಫಿಕ್ಸ್ ಯೆಸ್ ಅಂದ್ರ ಆ ಖರ್ಚು ಒಂದ ಸಲಕ್ಕ ಮುಗೀತು. ಉಳಿತಾಯ ಬರೋದು ಐ/ಓ ಎಣಿಕೆಯಿಂದ, ಪೂಲಿನ ಗಾತ್ರದಿಂದಲ್ಲ. ಹಂಗಾಗಿ ಓದಿದ ಮತ್ತ ಬರೆದ ಪೇಜುಗಳ ಮೊತ್ತವನ್ನ ಬಫರ್ ಸಂಖ್ಯೆಯಿಂದ ಭಾಗಿಸ್ರಿ. ನಿಮ್ಮ ಅಂಕಿಗೆ ಬಿಪಿ7 30, ಬಿಪಿ1 10.5, ಬಿಪಿ2 2.25, ಬಿಪಿ0 0.1. ಕಟ್ಟಿಹಾಕಿದ ಪ್ರತಿ ಎಂಬಿಗೆ ಹೆಚ್ಚು ಫಲ ಕೊಡೋದು ಬಿಪಿ7, ಆಮ್ಯಾಲ ಬಿಪಿ1. ಬಿಪಿ0 ಹಂಗ ಬಿಡ್ರಿ.

ಇಲ್ಲೊಂದು ಸೂಕ್ಷ್ಮ ಐತಿ. ಡಿಬಿ2 10ರಿಂದ ಪ್ರಿಫೆಚ್ (ಬೇಕಾಗೋ ಮೊದಲ ಓದಿಡೋದು) ಮತ್ತ ಡೆಫರ್ಡ್ ರೈಟ್ (ಆಮ್ಯಾಲ ಒಟ್ಟಿಗೆ ಬರೆಯೋದು) ಕೆಲಸ ಝಡ್‌ಐಐಪಿ (ಸಾಫ್ಟ್‌ವೇರ್ ಬಿಲ್ಲಿಗೆ ಸೇರದ ಬ್ಯಾರೆ ಪ್ರೊಸೆಸರ್) ಮ್ಯಾಲ ಓಡಬಹುದು. ಬಿಪಿ7ರ ಐ/ಓ ಬಹಳಷ್ಟು ಪ್ರಿಫೆಚ್ಚೇ ಆಗಿದ್ರ ಉಳಿತಾಯ ಝಡ್‌ಐಐಪಿ ಲೆಕ್ಕಕ್ಕ ಹೋಗತೈತಿ, ಜನರಲ್ ಪ್ರೊಸೆಸರ್‌ನ ಎಂಎಸ್‌ಯು (ಸಿಪಿಯು ಬಳಕೆಯ ಅಳತಿ) ಬಿಲ್ಲಿನಾಗ ಅಷ್ಟು ಕಾಣೂದಿಲ್ಲ. ಬಿಲ್ಲು ಇಳಿಸೋದು ಮುಖ್ಯ ಇದ್ರ ಸಿಂಕ್ರೋನಸ್ ರೀಡ್ (ಪ್ರೋಗ್ರಾಮ್ ಕಾದು ನಿಲ್ಲೋ ಓದು) ಅಷ್ಟನ್ನ ಬ್ಯಾರೆ ತಗದು ಮತ್ತ ಭಾಗಿಸಿ ನೋಡ್ರಿ. ಆಗ ಬಿಪಿ1 ಮೊದಲಿಗೆ ಬಂದ್ರೂ ಬರಬಹುದು.

ಬಿಪಿ2ರಾಗ ಐ/ಓ ಕಡಿಮಿ, ಆದ್ರ ತಾಸಿಗೆ 9 ಕೋಟಿ ಗೆಟ್‌ಪೇಜ್ ಅಂದ್ರ ಸೆಕೆಂಡಿಗೆ 25,000. ಇದಕ್ಕ 1 ಎಂಬಿ ಫ್ರೇಮ್ ಬೇಕೇ ಬೇಕು, ಅದು ಸಿಗಬೇಕಂದ್ರ ಪಿಜಿಫಿಕ್ಸ್ ಯೆಸ್ ಇರಬೇಕು. ಒಂದು ದೊಡ್ಡ ಫ್ರೇಮು 256 ಸಣ್ಣ ಫ್ರೇಮಿನ ಜಾಗ ತುಂಬತೈತಿ, ಟಿಎಲ್‌ಬಿಯಾಗ (ಪ್ರೊಸೆಸರ್ ವಿಳಾಸ ಅನುವಾದ ನೆನಪಿಡೋ ಜಾಗ) 256 ನಮೂದು ಹಿಡಿಯೋ ಕಡೆ ಒಂದ ಸಾಕು, ವಿಳಾಸ ಅನುವಾದದ ಖರ್ಚು ಇಳಿಯತೈತಿ.

ಈಗ ಎಲ್‌ಎಫ್‌ಏರಿಯಾ. 4ಕೆ ಬಫರ್ ಒಂದು ಫ್ರೇಮಿಗೆ 256. ಬಿಪಿ1ಕ್ಕ 2,344 ಫ್ರೇಮು, ಬಿಪಿ2ಕ್ಕ 1,563, ಬಿಪಿ7ಕ್ಕ 391, ಒಟ್ಟು 4,298. ನಿಮ್ಮ 2,048 ಬಿಪಿ1 ಒಂದಕ್ಕೂ ಸಾಲೂದಿಲ್ಲ. ಇದರಾಗ ಕೆಟ್ಟದ್ದೇನಂದ್ರ, ಸಾಲದಿದ್ರ ಡಿಬಿ2 ನಿಲ್ಲೂದಿಲ್ಲ. ಉಳಿದ ಬಫರ್‌ಗಳನ್ನ ಸುಮ್ಮನ 4ಕೆ ಫ್ರೇಮಿನ್ಯಾಗ ಹಾಕಿ ಫಿಕ್ಸ್ ಮಾಡತೈತಿ. ಮೆಮೊರಿಯಂತೂ ಹೋತು, ಟಿಎಲ್‌ಬಿ ಲಾಭ ಮಾತ್ರ ಬರಲಿಲ್ಲ. ಅದಕ್ಕ ಡಿಸ್‌ಪ್ಲೇ ಬಫರ್‌ಪೂಲಿನ ಡಿಎಸ್‌ಎನ್‌ಬಿ546ಐ ಸಾಲು ಓದದ ಬಿಡಬ್ಯಾಡ್ರಿ. ಬೇಡಿದ ಫ್ರೇಮ್‌ಸೈಜ್ ಯಾವುದು, ನಿಜವಾಗಿ ಆ ಸೈಜಿನ್ಯಾಗ ಕೂತ ಬಫರ್ ಎಷ್ಟು ಅನ್ನೋದು ಅಲ್ಲಿರತೈತಿ. ಸಿಸ್ಟಮ್ ಕಡೆಯಿಂದ ಡಿಸ್‌ಪ್ಲೇ ವರ್ಟ್‌ಸ್ಟೋರ್, ಎಲ್‌ಎಫ್‌ಏರಿಯಾ ಕೊಟ್ರ ಐಎಆರ್019ಐ ಬರತೈತಿ, ಅದರಾಗ ಒಟ್ಟು ಎಷ್ಟು, ಉಳಿದದ್ದು ಎಷ್ಟು ನೋಡ್ರಿ.

ಸಿಸ್ಟಮ್ ಚಾಲೂ ಆಗುವಾಗ ಓದೋ ಐಇಎಸಿಸ್ ಮೆಂಬರ್‌ನಾಗ 1ಎಂ=5120 ಹಾಕ್ರಿ ಅಂತೀನಿ. ಝಡ್/ಓಎಸ್ 2.3ರಿಂದ 1 ಎಂಬಿ ಪೇಜುಗಳ ಎಲ್‌ಎಫ್‌ಏರಿಯಾ ಮೀಸಲು ಜಾಗ ಅಲ್ಲ, ಬರೇ ಮಿತಿ. ಬಳಸೋತನಕ ಅದರ ಭಾರ ಯಾರ ಮ್ಯಾಲೂ ಇಲ್ಲ. ಆ ಹೆಚ್ಚಿನ 800 ಚಿಲ್ಲರೆ ಫ್ರೇಮು ಯಾಕಂದ್ರ ಜಾವಾ ಹೀಪ್, ಡಿಬಿ2 ಲಾಗ್ ಬಫರ್ ಇವೆಲ್ಲಾ ಇದರಾಗ ಪಾಲು ಕೇಳತಾವ, ಮೊದಲು ಬಂದವರಿಗೆ ಸಿಗತೈತಿ. ಜೆವಿಎಂ ಸರ್ವರ್ ಇರೋ ಸಿಐಸಿಎಸ್ ರೀಜನ್ ಡಿಬಿ2ಕಿಂತ ಮೊದಲು ಏಳೋ ಹಂಗಿದ್ರ ಚಾಲೂ ಮಾಡೋ ಕ್ರಮ ಬದಲಿಸ್ರಿ. ಎಲ್‌ಎಫ್‌ಏರಿಯಾ ಐಪಿಎಲ್‌ನಾಗ (ಇಡೀ ಸಿಸ್ಟಮ್ ಮತ್ತ ಚಾಲೂ ಮಾಡಿದಾಗ) ಮಾತ್ರ ಬದಲಾಗೋ ಸಂಗತಿ, ಮೊದಲ ಬದಲಾವಣೆ ಇದ ಇರಲಿ.

ಇನ್ನ ಮೆಮೊರಿ ಒಟ್ಟು ಲೆಕ್ಕ. ಪೇಜ್‌ಫಿಕ್ಸ್ ಅಂದ್ರ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂಗ: ಕೂತ್ರೂ ಕೂಡದಿದ್ರೂ ಆ ಜಾಗ ಬ್ಯಾರೆಯವರಿಗಿಲ್ಲ. ಫಿಕ್ಸ್ ಪೂಲ್‌ಗಳ ಮೊತ್ತ ರಿಯಲ್ ಸ್ಟೋರೇಜಿನ 80% ದಾಟಿದ್ರ ಡಿಬಿ2 ತಾನ ಪಿಜಿಫಿಕ್ಸ್ ನೋ ಮಾಡಿಕೊಳ್ಳತೈತಿ, ನಿಮಗ ಅದು 25.6 ಜಿಬಿ. ನೀವು ಕಟ್ಟಿಹಾಕೋದು 4.2 ಜಿಬಿ, ಹಂಗಾಗಿ ಆ ಬೇಲಿ ನಿಮ್ಮನ್ನ ಕಾಯೂದಿಲ್ಲ. ಫಿಕ್ಸ್ ಮೆಮೊರಿಯ ಶೇಕಡಾ ಮಿತಿ ಹೇಳೋ ಝಡ್/ಓಎಸ್‌ನ ಎಂಸಿಸಿಎಫ್‌ಎಕ್ಸ್‌ಟಿಪಿಆರ್ ಡಿಫಾಲ್ಟ್ ಕೂಡ 80, ಅದು ದಾಟಿದ್ರ ಮೆಮೊರಿ ಕೊರತಿಯ ಐಆರ್‌ಎ400ಇ ಮೆಸೇಜ್ ಬರತೈತಿ. ಅದಕ್ಕೂ ಬಹಳ ಮೊದಲ ಪೆಟ್ಟು ತಿನ್ನೋದು ಸಿಐಸಿಎಸ್. ಒಂದು ರೀಜನ್‌ನ ಕ್ಯೂಆರ್ ಟಿಸಿಬಿ (ಟಾಸ್ಕ್‌ಗಳನ್ನ ಸರದಿಯಾಗ ಓಡಿಸೋ ಮುಖ್ಯ ಎಳೆ) ಪೇಜ್ ಫಾಲ್ಟ್‌ಗೆ (ಡಿಸ್ಕಿಗೆ ಹೋದ ಪೇಜು ವಾಪಸ್ ತರೋದಕ್ಕ) ನಿಂತ್ರ ಅದರ ಮ್ಯಾಲ ಓಡಬೇಕಾದ ಎಲ್ಲಾ ಟಾಸ್ಕೂ ನಿಲ್ಲತಾವ. ಡಿಬಿ2ದಾಗ ಉಳಿಸಿದ ಸಿಪಿಯು ಆ ರೆಸ್ಪಾನ್ಸ್ ಟೈಮಿಗೆ ಪರಿಹಾರ ಅಲ್ಲ.

ಹಂಗಾಗಿ ಹಾಕೋ ಮೊದಲು ಎರಡು ಜಾಗ ನೋಡ್ರಿ. ಡಿಸ್‌ಪ್ಲೇ ಡಿಟೇಲ್‌ನಾಗ ಪೇಜ್-ಇನ್ಸ್ ರಿಕ್ವೈರ್ಡ್ ಸೊನ್ನೆ ಇಲ್ಲಂದ್ರ ಪೂಲಿಗೆ ಈಗಾಗಲೇ ರಿಯಲ್ ಮೆಮೊರಿ ಸಾಲವಲ್ದು. ಆಗ ಫಿಕ್ಸ್ ಹಾಕಿದ್ರ ಆ ಕೊರತಿ ಬ್ಯಾರೆಯವರ ತಲಿಗೆ ಹೋಗತೈತಿ; ಪೂಲು ಸಣ್ಣದು ಮಾಡ್ರಿ, ಇಲ್ಲಾ ಮೆಮೊರಿ ಕೇಳ್ರಿ. ಎರಡನೇದು ಯಾರ ಹತ್ರ ಎಷ್ಟು ಮೆಮೊರಿ ಐತಿ ಅಂತ ತೋರಿಸೋ ಆರ್‌ಎಂಎಫ್ ಮಾನಿಟರ್ 3ರ ಸ್ಟೋರ್‌ಎಫ್ ರಿಪೋರ್ಟು. ಬ್ಯಾಚ್ ಮತ್ತ ಆನ್‌ಲೈನ್ ಒಂದರ ಮ್ಯಾಲೊಂದು ಬೀಳೋ ಹೊತ್ತಿಂದ ತಗೊಳ್ರಿ, ಯುರೋಪಿನ ನಡುರಾತ್ರಿ ಒಂದರದು ನೋಡಿ ತೀರ್ಮಾನ ಮಾಡಬ್ಯಾಡ್ರಿ. ಡಂಪಿಗೂ (ತೊಂದರಿ ಆದಾಗ ತಗೊಳ್ಳೋ ಮೆಮೊರಿ ನಕಲು) ಜಾಗ ಬಿಡ್ರಿ. ಡಿಬಿ2ರ ಎಸ್‌ವಿಸಿ ಡಂಪ್ ತಗೋವಾಗ ಮ್ಯಾಕ್ಸ್‌ಸ್ಪೇಸ್ ಎಷ್ಟು ಕೊಟ್ಟೀರಿ ಅಷ್ಟರತನಕ ಬೇಕಾಗಬಹುದು, ಸಿಗದಿದ್ರ ಅದು ಆಕ್ಸ್ (ಡಿಸ್ಕಿನ ಪೇಜಿಂಗ್ ಜಾಗ) ಕಡೆ ಹೋಗಿ ಆ ಜಾಗದ ಕೊರತಿಯ ಐಆರ್‌ಎ200ಇ ತರತೈತಿ.

---

ಬೆಳಗಾವಿ ಡಿಬಿಎ

ಭಾಳ ಉಪಕಾರ ಆತ್ರಿ ಅಣ್ಣಾರ. ಇನ್ನೆರಡು ಕೇಳ್ತೀನಿ. ಬಿಪಿ1ಕ್ಕ ಆಟೋಸೈಜ್ ಯೆಸ್ (ಅಳತಿ ತಾನ ಬದಲಾಗೋದು) ಐತಿ, ಬಿಡಬೇಕೇನು? ಮತ್ತ 2ಜಿ ಫ್ರೇಮ್ ಹಾಕಿದ್ರ ಇನ್ನೂ ಚೊಲೋ ಅಂತಾರಲ್ಲ? ಐಎಂಎಸ್ ಬಗ್ಗೆ ಯಾರೂ ಹೇಳಲಿಲ್ಲ.

---

ಜಲನಗರ ಐಎಂಎಸ್, ವಿಜಯಪುರ

ಆಟೋಸೈಜ್ ತೆಗೀರಿ. ಝಡ್/ಓಎಸ್‌ನ ವರ್ಕ್‌ಲೋಡ್ ಮ್ಯಾನೇಜರ್ (ಡಬ್ಲ್ಯುಎಲ್‌ಎಂ) ಹೇಳಿದಂಗ ಪೂಲು 25% ತನಕ ಬೆಳೀಬಹುದು, ಬೆಳೆದದ್ದೆಲ್ಲ ಫಿಕ್ಸೇ ಆಗಿರ್ತದ. ಬೇಕೇ ಬೇಕು ಅಂದ್ರ ವಿಪಿಸೈಜ್‌ಮ್ಯಾಕ್ಸ್ ಕೊಟ್ಟು ಮೇಲಿನ ಮಿತಿ ಕಟ್ಟಿಡ್ರಿ. ಹಂಗೇ ವಿಪಿಸೈಜ್‌ನ್ನ 256ರ ಗುಣಕಕ್ಕ ತರ್ರಿ: ಬಿಪಿ1 6,00,064, ಬಿಪಿ2 4,00,128, ಬಿಪಿ7 1,00,096.

2ಜಿ ಫ್ರೇಮು ಒಂದಕ್ಕ 5,24,288 ಬಫರ್ ಬೇಕು. ನಿಮ್ಮ ಬಿಪಿ1ರಾಗ ಒಂದೇ ಹಿಡೀತದ, 75,776 ಬಫರ್ ಹೊರಗ ಉಳೀತಾವ. ಅದಲ್ಲದ 2 ಜಿಬಿ ಫ್ರೇಮು ಐಪಿಎಲ್‌ನಾಗೇ ತೆಗೆದಿಡೋ ಜಾಗ, ಬಳಸಲಿಲ್ಲಂದ್ರ ಬ್ಯಾರೆ ಯಾರಿಗೂ ಬರೂದಿಲ್ಲ. ನೂರಾರು ಜಿಬಿ ಪೂಲಿಗೆ ಅದರ ಅರ್ಥ ಅದ, 32 ಜಿಬಿ ಎಲ್‌ಪಾರಿಗೆ ನಾನಂತೂ ಹೇಳೂದಿಲ್ಲ.

ಐಎಂಎಸ್‌ನಾಗ ಇದು ಪೂಲಿಗೊಂದು ಕಮಾಂಡ್ ಅಲ್ಲ. ಓಎಸ್‌ಎಎಂ (ಐಎಂಎಸ್ ಡೇಟಾ ಓದೋ-ಬರೆಯೋ ವಿಧಾನ) ಪೂಲಿಗೆ ಡಿಎಫ್‌ಎಸ್‌ವಿಎಸ್‌ಎಂ ಮೆಂಬರ್‌ನ ಐಓಬಿಎಫ್ ಸಾಲು ನೋಡ್ರಿ. ಮೊದಲು ಬಫರ್ ಅಳತಿ, ಆಮ್ಯಾಲ ಸಂಖ್ಯೆ, ಮೂರನೇ ಜಾಗದಾಗ ವೈ ಹಾಕಿದ್ರ ಬಫರ್ ಮತ್ತ ಪ್ರಿಫಿಕ್ಸ್ (ಬಫರಿನ ನಿಯಂತ್ರಣ ಮಾಹಿತಿ) ಎರಡೂ ಫಿಕ್ಸ್, ನಾಲ್ಕನೇದು ಬರೇ ಪ್ರಿಫಿಕ್ಸಿಗೆ. ಕೊಡದಿದ್ರ ಎರಡೂ ಎನ್. ಸಬ್‌ಪೂಲ್ ಲೆಕ್ಕದಾಗ ಕೊಡೋದರಿಂದ ಐ/ಓ ಜಾಸ್ತಿ ಇರೋ ಅಳತಿಯ ಸಬ್‌ಪೂಲಿಗೆ ಅಷ್ಟೇ ವೈ ಹಾಕ್ರಿ. ಕಂಟ್ರೋಲ್ ಬ್ಲಾಕ್, ಮಾಡ್ಯೂಲ್ ಫಿಕ್ಸ್ ಮಾಡೋದು ಪ್ರಾಕ್‌ಲಿಬ್‌ನ ಡಿಎಫ್‌ಎಸ್‌ಫಿಕ್ಸ್ ಮೆಂಬರ್, ಅದರ ಕೊನೀ ಎರಡಕ್ಷರ ಕಂಟ್ರೋಲ್ ರೀಜನ್‌ನ ಫಿಕ್ಸ್ ಪ್ಯಾರಾಮೀಟರ್‌ನಿಂದ ಬರ್ತದ. ಹಳೇ ಸಿಸ್ಟಮ್ ಅಂದ್ರಲ್ಲ, ಮೆಮೊರಿ ಎಂಬಿ ಲೆಕ್ಕದಾಗಿದ್ದ ಕಾಲದ ಮೆಂಬರ್ ಅಲ್ಲಿ ಹಂಗೇ ಕೂತಿರಬಹುದು. ಹೊಸದು ಬರೆಯೋ ಮೊದಲು ಈಗ ಏನು ಫಿಕ್ಸ್ ಆಗ್ಯದ ಅಂತ ಓದ್ರಿ. ಫಾಸ್ಟ್‌ಪಾತ್ (ಐಎಂಎಸ್‌ನ ವೇಗದ ಡೇಟಾಬೇಸ್ ಸೌಲಭ್ಯ) ಇದ್ರ ಡಿಬಿಎಫ್‌ಎಕ್ಸ್ ಬಫರ್‌ಗಳು ಹೆಂಗೂ ಫಿಕ್ಸ್, ಅವನ್ನೂ ಮೊತ್ತಕ್ಕ ಸೇರಿಸ್ರಿ.

---

ನವನಗರ ಸಿಸ್ಪ್ರಾಗ್, ಬಾಗಲಕೋಟೆ

ಒಂದ ಮಾತು ಉಳಿದಿತ್ತು. ಮೂರೂ ಪೂಲು ಒಂದ ರಾತ್ರಿ ಹಾಕಬ್ಯಾಡ್ರಿ. ಎಲ್‌ಎಫ್‌ಏರಿಯಾ ಐಪಿಎಲ್ ಆದಮ್ಯಾಲ ಮೊದಲು ಬಿಪಿ7 ಹಾಕಿ, ತಿಂಗಳ ಕೊನೀ ಬ್ಯಾಚ್ ಒಂದು ದಾಟಲಿ. ಪಿಜಿಫಿಕ್ಸ್ ನೋ ಮಾಡಿ ಹಿಂದಕ್ಕ ಬರೋದೂ ಪೆಂಡಿಂಗ್ ಆಗತೈತಿ, ಮತ್ತ ಒಂದು ರೀಸ್ಟಾರ್ಟ್ ಬೇಕು. ನಡುವ ತ್ರಾಸ ಬಂದ್ರ ಕೈಯಾಗ ಇರೋ ಒಂದ ಉಪಾಯ ವಿಪಿಸೈಜ್ ಇಳಿಸೋದು. ಅದು ಡಿಬಿ2 ಓಡುವಾಗಲೇ ಆಗತೈತಿ, ಎಷ್ಟಕ್ಕ ಇಳಿಸಬೇಕು ಅನ್ನೋ ಅಂಕಿ ಮೊದಲ ಬರೆದು ಆಪರೇಟರ್ ಕೈಗೆ ಕೊಟ್ಟಿರ್ರಿ.